ಬ್ಯಾಟ್ರಿಗೆ ಎಲ್‌ಇಡಿ ಹಾಕೋಕೆ ಮುಂಚೆ ಸ್ಪ್ರಿಂಗ್ ಉಜ್ಜಿ

ಮೊನ್ನೆ ಮೊಮ್ಮಗ ನಮ್ಮ ಯಜಮಾನರ ಮೂರು ಶೆಲ್ಲಿನ ಟಾರ್ಚು ಬಿಚ್ಚಿ, ಹಳೇ ಬಲ್ಬಿನ ಜಾಗಕ್ಕೆ ಚಿಕ್ಕ ಎಲ್‌ಇಡಿ ಒಂದನ್ನ ನೇರವಾಗಿ ಬೆಸುಗೆ ಹಾಕಿ ಗುಂಡಿ ಒತ್ತಿದ. ಪಳಕ್ ಅಂತ ಮಿಂಚಿ, ಸುಟ್ಟ ವಾಸನೆ ಬಂತು. ಅಷ್ಟೇ. "ಬಲ್ಬೇ ಸರಿ ಇಲ್ಲ ಅಜ್ಜಿ" ಅಂತಾನೆ! ನಾಲ್ಕೂವರೆ ವೋಲ್ಟನ್ನ ಒಂದೇ ಸಲ ಅದರ ಬಾಯಿಗೆ ಸುರಿದರೆ ಅದು ಬದುಕುತ್ತಾ?

ಮಂಡ್ಯ ಕಡೆ ನಮಗೆ ಟಾರ್ಚು ಅಂದರೆ ಬ್ಯಾಟ್ರಿ. ನಾಲೆಗೆ ನೀರು ಬಿಟ್ಟರೆ ಸರದಿ ರಾತ್ರಿ ಎರಡಕ್ಕೂ ಬರುತ್ತಿತ್ತು, ಆಗ ಇವರು ಇದನ್ನೇ ಹಿಡಿದು ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ಹೋಗುತ್ತಿದ್ದರು. ಹಾವು ಇರೋ ಬದು, ಬೆಳಕು ಕೈಕೊಡಬಾರದು. ಶೆಲ್ಲು ಸೋತರೆ ಮಾರನೇ ದಿನ ಹೆಂಚಿನ ಮೇಲೆ ಬಿಸಿಲಿಗೆ ಇಟ್ಟು ಇನ್ನೆರಡು ರಾತ್ರಿ ಎಳೆಯುತ್ತಿದ್ದೆವು.

ಎಲ್‌ಇಡಿ ಬಲ್ಬು ತರೋಕೆ ಮುಂಚೆ ಶೆಲ್ಲು ಎಣಿಸಿ. ಬಿಳಿ ಎಲ್‌ಇಡಿ ಚೆನ್ನಾಗಿ ಉರಿಯೋಕೆ ಮೂರು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು. ಎರಡು ಶೆಲ್ಲು ಹೊಸದಿದ್ದಾಗ ಕೊಡೋದೇ ಮೂರು, ನಾಲ್ಕು ದಿನಕ್ಕೆ ಮಂಕಾಗುತ್ತೆ. ಅದಕ್ಕೆ ಒಳಗೇ ಚಿಕ್ಕ ಸರ್ಕ್ಯೂಟ್ ಇರೋ ಬಲ್ಬು ಸಿಗುತ್ತೆ, ಎಷ್ಟು ವೋಲ್ಟಿಂದ ಎಷ್ಟರವರೆಗೆ ಅಂತ ಪೊಟ್ಟಣದ ಮೇಲೆ ಬರೆದಿರುತ್ತೆ, ಓದಿ ತನ್ನಿ. ಬುಡ ತಿರುಪಿನದಾ, ಅಂಚು ಇರೋದಾ ಅಂತ ಹಳೇ ಬಲ್ಬನ್ನೇ ಅಂಗಡಿಗೆ ಒಯ್ದು ತೋರಿಸಿ. ಮೂರು ಶೆಲ್ಲಿಗೆ ಚಿಕ್ಕ ಎಲ್‌ಇಡಿ ಬೆಸೆದೇ ತೀರಬೇಕು ಅಂದರೆ ನಡುವೆ ಕರೆಂಟು ತಡೆಯೋ 68 ಓಮ್ ರೆಸಿಸ್ಟರ್ ಹಾಕಿ. ಅದರ ಮೈಮೇಲೆ ನೀಲಿ, ಬೂದು, ಕಪ್ಪು ಪಟ್ಟೆ. ರೇಡಿಯೋ ರಿಪೇರಿ ಮಾಡುತ್ತಿದ್ದ ನನ್ನ ತಮ್ಮ ಬಾಯಿಪಾಠ ಮಾಡಿಸಿದ್ದು. ಎಲ್‌ಇಡಿಯ ಉದ್ದ ಕಾಲು ಪ್ಲಸ್ಸು. ಆದರೆ ಆ ಒಂಟಿ ಎಲ್‌ಇಡಿ ಕತ್ತಲಲ್ಲಿ ಚಪ್ಪಲಿ ಹುಡುಕೋಕೆ ಸರಿ, ಗದ್ದೆಗೆ ಆಗಲ್ಲ.

ಈಗ ಯಾರೂ ಮಾಡದ ಕೆಲಸ. ಹೊಸ ಬಲ್ಬು ಮಿಣಮಿಣ ಅಂದರೆ ಎಲ್ಲರೂ ಬಲ್ಬನ್ನೇ ಬೈಯುತ್ತಾರೆ, ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ನೋಡೋರು ಒಬ್ಬರೂ ಇಲ್ಲ. ಶೆಲ್ಲು ಸೋರಿ ಬಿಳಿ, ಹಸಿರು ಪುಡಿ ಕಟ್ಟಿರುತ್ತೆ. ಊದಬೇಡಿ, ಕಣ್ಣಿಗೆ ಹಾರುತ್ತೆ. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಒಣದಾಗಿಯೇ ಉದುರಿಸಿ. ಆಮೇಲೆ ತೀರಾ ನಯವಾದ ಸ್ಯಾಂಡ್ ಪೇಪರನ್ನ ಬೆರಳಗಲ ಹರಿದು ಪೊರಕೆ ಕಡ್ಡಿಗೆ ಸುತ್ತಿ, ಸ್ಪ್ರಿಂಗಿನ ತುದಿ, ಅದು ಮುಚ್ಚಳಕ್ಕೆ ಕೂತಿರೋ ಬುಡ, ಎರಡನ್ನೂ ಲೋಹ ಮಿನುಗೋ ತನಕ ಉಜ್ಜಿ. ಅಲ್ಲಿಗೇ ನಿಲ್ಲಿಸಬೇಡಿ. ತಗಡಿನ ಬ್ಯಾಟ್ರಿಯಲ್ಲಿ ಕರೆಂಟು ವಾಪಸ್ ಹೋಗೋದು ಮೈಯಿಂದಲೇ, ಹಾಗಾಗಿ ಮುಚ್ಚಳದ ತಿರುಪು, ಕೊಳವೆಯ ಬಾಯಂಚು, ಗುಂಡಿ ಕೆಳಗಿನ ತಾಮ್ರದ ಪಟ್ಟಿ, ಒಂದೊಂದಕ್ಕೂ ನಾಲ್ಕು ಉಜ್ಜು. ತಲೆಕೆಳಗೆ ಮಾಡಿ ತಟ್ಟಿ, ಹಳೇ ಪಂಚೆ ಚೂರಲ್ಲಿ ಒರೆಸಿ. ಕೊನೆಗೆ ಸ್ಪ್ರಿಂಗನ್ನ ಅರ್ಧ ಬೆರಳಗಲ ಎಳೆದು, ಶೆಲ್ಲು ತುಂಬಿ ಮುಚ್ಚಳ ಬಿಗಿದು ಕಿವಿ ಹತ್ತಿರ ಅಲ್ಲಾಡಿಸಿ. ಕಟಕಟ ಅಂದರೆ ಇನ್ನೊಂದು ಚೂರು ಎಳೆಯಿರಿ. ಸದ್ದು ನಿಲ್ಲಬೇಕು. ಕೈ ತೊಳೆಯದೆ ಮುದ್ದೆ ಮುರಿಯೋಕೆ ಕೂರಬೇಡಿ ಮತ್ತೆ.

ನಮ್ಮ ಸೊಸೆ ಒಂದು ಸಲ ಸ್ಪ್ರಿಂಗಿಗೆ ಹುಣಸೆಹಣ್ಣು ತಿಕ್ಕಿ ಹಾಗೇ ಇಟ್ಟಿದ್ದಳು, ವಾರಕ್ಕೆ ತುಕ್ಕು. ಹುಣಸೆ, ಉಪ್ಪು ಹಿತ್ತಾಳೆ ದೀಪಕ್ಕಮ್ಮ, ಅದನ್ನೂ ತಕ್ಷಣ ತೊಳೆದು ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಕಪ್ಪು ಕಲೆ ನಿಲ್ಲುತ್ತೆ.

ಬಲ್ಬು ಕೂರೋ ಹೊಳೆಯೋ ಬಟ್ಟಲನ್ನ ಮಾತ್ರ ಮುಟ್ಟಬೇಡಿ. ಒರೆಸಿದರೆ ಬೆಳ್ಳಿ ಬಣ್ಣಕ್ಕೆ ಗೀರು ಬಿದ್ದು ಬೆಳಕು ಚದುರುತ್ತೆ. ಇಷ್ಟಾದರೂ ಉರಿಯದಿದ್ದರೆ ಶೆಲ್ಲೆಲ್ಲ ತಿರುಗಿಸಿ ಹಾಕಿ ನೋಡಿ. ಹಳೇ ಬಲ್ಬಿಗೆ ಯಾವ ಕಡೆಯಾದರೂ ನಡೆಯುತ್ತಿತ್ತು, ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಸರಿ ಇರಲೇಬೇಕು. ಎರಡು ಹೊಸದು, ಒಂದು ಹಳೇದು ಅಂತ ಬೆರೆಸಬೇಡಿ, ಆ ಸೋತ ಶೆಲ್ಲೇ ಮೊದಲು ಸೋರೋದು, ಆಮೇಲೆ ಮತ್ತೆ ಪೊರಕೆ ಕಡ್ಡಿ ಹುಡುಕಬೇಕಾಗುತ್ತೆ.