ಒಂದೆಲಗ ಮೆದುಳಿನವರೆಗೆ ಹೋಗುತ್ತಾ? ಅಳೆದವಳ ಅನುಭವ

ನಮ್ಮ ತುಮಕೂರು ಕಡೆ ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳ ತಟ್ಟೆಗೆ ಒಂದೆಲಗದ ಚಟ್ನಿ ಬೀಳುತ್ತದೆ. ಜ್ಞಾಪಕಶಕ್ತಿ ಹೆಚ್ಚುತ್ತದೋ ಇಲ್ಲವೋ, ಅದು ನನ್ನ ಪ್ರಶ್ನೆಯಲ್ಲ. ಇಲ್ಲಿನ ಫಾರ್ಮಸಿ ಕಾಲೇಜೊಂದರಲ್ಲಿ ಪಿಎಚ್‌ಡಿಗೆ ನಾನು ಹಿಡಿದದ್ದು ಅದಕ್ಕಿಂತ ಸಣ್ಣ ವಿಷಯ: ಎಲೆಯಲ್ಲಿರುವ ಅಂಶ ಮೆದುಳಿನೊಳಗೆ ಸೇರುತ್ತದೆಯೇ, ಸೇರಿದರೆ ಗ್ರಾಂಗೆ ಎಷ್ಟು?

ಎಲೆ ತಂದದ್ದು ಗುಬ್ಬಿ ಕಡೆಯ ಅಡಿಕೆ ತೋಟದ ತೇವದ ಬದುವಿನಿಂದ. ಗ್ರಂಧಿಗೆ ಅಂಗಡಿಯ ಪುಡಿ ನಂಬಿ ಕೆಲಸ ಶುರುಮಾಡಬಾರದು. ಬ್ರಾಹ್ಮಿ ಅಂತ ಕೊಡುವ ಪೊಟ್ಟಣದಲ್ಲಿ ಒಂದೆಲಗವೂ ಇರಬಹುದು, ನೀರುಬ್ರಾಹ್ಮಿಯೂ ಇರಬಹುದು. ಎರಡರ ರಾಸಾಯನಿಕಗಳೇ ಬೇರೆ.

ಒಂದೆಲಗದ ಮುಖ್ಯ ಅಂಶಗಳಲ್ಲೊಂದು ಏಷ್ಯಾಟಿಕೊಸೈಡ್. ಮೂರು ಸಕ್ಕರೆ ತುಣುಕು ಹೊತ್ತ ಭಾರೀ ಅಣು, ಅಣುತೂಕ ಸುಮಾರು 959. ಕರುಳಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆ ಕಿತ್ತುಹಾಕಿದರೆ ಉಳಿಯುವುದು ಏಷ್ಯಾಟಿಕ್ ಆಸಿಡ್, ಸುಮಾರು 489. ಹಾಗಾಗಿ ಎಲೆಯಲ್ಲಿದ್ದದ್ದನ್ನೇ ಮೆದುಳಲ್ಲೂ ಹುಡುಕುತ್ತ ಕೂತರೆ ಕೈಗೆ ಏನೂ ಸಿಗದೆ ಹೋಗಬಹುದು. ಎಲೆಯ ಸಾರ ಕೊಟ್ಟ ಇಲಿಗಳ ಮೆದುಳಿನಲ್ಲಿ ನಾವು ಎರಡನ್ನೂ ಹುಡುಕಿದೆವು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ರಕ್ತ. ಮೆದುಳಿನ ಗಾತ್ರದಲ್ಲಿ ಶೇಕಡಾ 2–3ರಷ್ಟು ರಕ್ತವೇ ಇರುತ್ತದೆ. ಲೆಕ್ಕ ಹಾಕಿ ನೋಡಿ: ರಕ್ತದಲ್ಲಿ ಮಿಲಿಲೀಟರಿಗೆ 400 ನ್ಯಾನೊಗ್ರಾಂ ಇದ್ದರೆ, ಮೆದುಳಿನ ಜೀವಕೋಶಕ್ಕೆ ಒಂದು ಕಣವೂ ತಲುಪದೆಯೇ ಗ್ರಾಂಗೆ 8ರಿಂದ 12 ನ್ಯಾನೊಗ್ರಾಂ ಕಾಣಿಸುತ್ತದೆ. ‘ಮೆದುಳಿಗೆ ತಲುಪಿತು’ ಅಂತ ಬರೆದ ಪ್ರಬಂಧ ಕೈಗೆ ಬಂದರೆ ನಾನು ಮೊದಲು ನೋಡುವುದು, ರಕ್ತ ತೊಳೆದಿದ್ದಾರಾ ಅಂತ.

ತೊಳೆಯುವುದು ಹೀಗೆ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಯಲ್ಲಿರಬೇಕು, ಇಲಿ ಪೂರ್ತಿ ಅರಿವಳಿಕೆಯಲ್ಲಿರಬೇಕು. ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗ) ರಕ್ತ ತೆಗೆದುಕೊಂಡ ಮೇಲೆ ಹೃದಯದ ಎಡ ಕುಹರಕ್ಕೆ ಸೂಜಿ ಹಾಕಿ, ಬಲ ಹೃತ್ಕರ್ಣ ಕತ್ತರಿಸಿ, ಐಸ್‌ನಷ್ಟು ತಣ್ಣಗಿನ ಸಲೈನ್ ಹರಿಸುತ್ತೇವೆ. ಯಕೃತ್ತು ಕಡುಗೆಂಪಿನಿಂದ ಬಿಳಿಚಿಕೊಳ್ಳುತ್ತ ಬಂದರೆ ಸಲೈನ್ ಸರಿಯಾಗಿ ಹರಿಯುತ್ತಿದೆ ಅಂತ ಅರ್ಥ. ಹೊರತೆಗೆದ ಮೆದುಳು ಕೆನೆ ಬಣ್ಣಕ್ಕಿರಬೇಕು. ಮೇಲ್ಮೈಯಲ್ಲಿ ಕೆಂಪು ಎಳೆಗಳು ಉಳಿದಿದ್ದರೆ ನೋಟ್‌ಬುಕ್‌ನಲ್ಲಿ ಅದನ್ನೇ ಬರೆದು ಆ ಮಾದರಿಯನ್ನು ಪಕ್ಕಕ್ಕಿಡುತ್ತೇನೆ. ಮನಸ್ಸಿಗೆ ಹಗುರವಾದ ಕೆಲಸವಲ್ಲ ಇದು. ಅದಕ್ಕೇ ಅಂದಾಜಿನಲ್ಲಿ ಮಾಡಬಾರದು.

ಬೆಳೆದ ಇಲಿಯ ಮೆದುಳು ಸುಮಾರು ಎರಡು ಗ್ರಾಂ ತೂಗುತ್ತದೆ. ಅದರ ಮೂರು ಪಟ್ಟು ಪ್ರಮಾಣದ ಬಫರ್ (ಆಮ್ಲತೆ ಏರುಪೇರಾಗದಂತೆ ತಡೆಯುವ ದ್ರಾವಣ) ತಣ್ಣಗಿರುವಾಗಲೇ ಸೇರಿಸಿ, ಐಸ್ ಮೇಲೆಯೇ ಗಟ್ಟಿ ಮಜ್ಜಿಗೆಯ ಹದಕ್ಕೆ ಅರೆಯುತ್ತೇವೆ. ಕೊನೆಯಲ್ಲಿ ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ.

ಆಮೇಲಿನ ಕಾಟ ಕೊಬ್ಬಿನದು. ನೀರಿನಂಶ ಬಿಟ್ಟರೆ ಮೆದುಳಿನಲ್ಲಿ ಅರ್ಧದಷ್ಟು ಕೊಬ್ಬೇ. ನಮ್ಮ ಅಂಶವೂ ಜಿಡ್ಡಿನ ಜಾತಿಯದು, ಕೊಬ್ಬಿನ ಜೊತೆಗೇ ದ್ರಾವಕಕ್ಕೆ ಇಳಿಯುತ್ತದೆ. ಫಾಸ್ಫೊಲಿಪಿಡ್‌ಗಳು, ಅಂದರೆ ಜೀವಕೋಶದ ಪೊರೆಯ ಕೊಬ್ಬುಗಳು, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನ ಬಾಯಲ್ಲಿ ನಮ್ಮ ಸಿಗ್ನಲ್ ಅನ್ನು ತುಳಿದುಬಿಡುತ್ತವೆ. ಅಸಿಟೊನೈಟ್ರೈಲ್ ಹಾಕಿ ಪ್ರೋಟೀನ್ ಕೆಡವುವುದಷ್ಟೇ ಸಾಲಲಿಲ್ಲ. ಫಾಸ್ಫೊಲಿಪಿಡ್ ಹಿಡಿಯುವ ಕಾರ್ಟ್ರಿಡ್ಜ್ ಮೂಲಕವೂ ಹಾಯಿಸಿದೆವು. ಶುದ್ಧವಾಯಿತೋ ಇಲ್ಲವೋ ನೋಡಲು, ಅಂಶವಿಲ್ಲದ ಮೆದುಳಿನ ಸಾರಕ್ಕೂ ಬರಿ ದ್ರಾವಕಕ್ಕೂ ಒಂದೇ ಪ್ರಮಾಣದ ಏಷ್ಯಾಟಿಕ್ ಆಸಿಡ್ ಬೆರೆಸಿ ಎರಡರ ಪೀಕ್ (ಯಂತ್ರದ ಗ್ರಾಫಿನಲ್ಲಿ ಏಳುವ ಶಿಖರ) ಹೋಲಿಸುತ್ತೇವೆ. ಹೋಲಿಕೆಯ ಗುರುತಾಗಿ ಎಲ್ಲ ಮಾದರಿಗೂ ಸಮನಾಗಿ ಸೇರಿಸಿದ್ದು ಅತಿಮಧುರದಿಂದ ಸಿಗುವ ಗ್ಲಿಸಿರೆಟಿನಿಕ್ ಆಸಿಡ್; ಅದೂ ಅದೇ ಕುಟುಂಬದ ಅಣು.

ಕಾಲೇಜಿನಲ್ಲಿದ್ದ ಎಚ್‌ಪಿಎಲ್‌ಸಿ (ಅಂಶಗಳನ್ನು ಬೇರ್ಪಡಿಸಿ ಯುವಿ ಬೆಳಕಿನಿಂದ ಗುರುತಿಸುವ ಯಂತ್ರ) ಇದಕ್ಕೆ ಸಾಲದು. ಈ ಅಣುಗಳು ಯುವಿ ಬೆಳಕನ್ನು 205 ನ್ಯಾನೊಮೀಟರ್ ಆಸುಪಾಸಿನಲ್ಲಷ್ಟೇ ಸ್ವಲ್ಪ ಹೀರುತ್ತವೆ, ಅಲ್ಲಿ ಮೆದುಳಿನ ನೂರೆಂಟು ವಸ್ತುಗಳೂ ಹೀರುತ್ತವೆ. ಹಾಗಾಗಿ ಮಾದರಿಗಳಿದ್ದ ಡ್ರೈ ಐಸ್ ಡಬ್ಬಿ ಹೊತ್ತು ಬೆಂಗಳೂರಿನ ಎಲ್‌ಸಿ-ಎಂಎಸ್ (ಬೇರ್ಪಡಿಸುವ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ್ದು) ಇರುವ ಲ್ಯಾಬಿಗೆ ಕಾರಿನಲ್ಲಿ ಹೋಗಬೇಕಾಯಿತು. ಗಾಜು ಸ್ವಲ್ಪ ಇಳಿಸಿಯೇ ಇರಬೇಕು, ಡ್ರೈ ಐಸ್ ಕರಗುವುದಿಲ್ಲ, ಕಾರ್ಬನ್ ಡೈ ಆಕ್ಸೈಡ್ ಆಗಿ ಕಾರು ತುಂಬುತ್ತದೆ. ನೆಲಮಂಗಲದ ಟ್ರಾಫಿಕ್‌ನಲ್ಲಿ ಆ ಹೊಗೆ, ಈ ಹೊಗೆ ಎರಡನ್ನೂ ಕುಡಿದಿದ್ದೇನೆ.

ವ್ಯಾಲಿಡೇಶನ್‌ಗೆ, ಅಂದರೆ ನಮ್ಮ ಅಳತೆಯ ವಿಧಾನ ನಂಬಬಹುದಾದದ್ದೇ ಅಂತ ಪರೀಕ್ಷಿಸಲು, 2022ರ ಐಸಿಎಚ್ ಎಂ10 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹಿಡಿದೆವು: ನಿಜವಾದ ಪ್ರಮಾಣದಿಂದ ಶೇಕಡಾ 15ರೊಳಗಿನ ವ್ಯತ್ಯಾಸ, ಕೆಳಮಿತಿಯಲ್ಲಿ (ನಂಬಿಕೆಯಿಂದ ಅಳೆಯಬಹುದಾದ ಅತಿ ಕಡಿಮೆ ಪ್ರಮಾಣ) 20. ಕ್ಯಾಲಿಬ್ರೇಶನ್ ಗೆರೆ (ಗೊತ್ತಿರುವ ಪ್ರಮಾಣಗಳನ್ನು ಅಳೆದು ಎಳೆದದ್ದು) ನೀರಿನಲ್ಲಲ್ಲ, ಮೆದುಳಿನ ಸಾರದಲ್ಲೇ.

ಏಷ್ಯಾಟಿಕೊಸೈಡ್ ಮೆದುಳಿನಲ್ಲಿ ನಮ್ಮ ಕೆಳಮಿತಿ ದಾಟಲಿಲ್ಲ. ಏಷ್ಯಾಟಿಕ್ ಆಸಿಡ್ ಸಿಕ್ಕಿತು, ತೊಳೆದ ಮೆದುಳಿನಲ್ಲೂ. ಆದರೆ ಸಿಕ್ಕಿದ್ದರಲ್ಲಿ ಬಹುಪಾಲು ಕೊಬ್ಬಿಗೆ ಅಂಟಿಕೊಂಡು ಕೂತಿದೆಯೋ, ಬಿಡಿಯಾಗಿ ಓಡಾಡುತ್ತಿದೆಯೋ? ಕೆಲಸ ಮಾಡುವುದು ಬಿಡಿಯಾಗಿರುವುದು ಮಾತ್ರ. ಅದನ್ನು ತಿಳಿಯಲು ಈಗ ಡಯಾಲಿಸಿಸ್ ಮಾಡುತ್ತಿದ್ದೇವೆ: ನಡುವೆ ಪೊರೆಯಿಟ್ಟು, ಬಿಡಿ ಅಣುಗಳಷ್ಟೇ ಆಚೆ ಬದಿಗೆ ದಾಟಲು ಬಿಡುವುದು. ಏಷ್ಯಾಟಿಕ್ ಆಸಿಡ್ ಪೊರೆಗೂ ಪ್ಲಾಸ್ಟಿಕ್ ಗೋಡೆಗೂ ಅಂಟುತ್ತದಾದ್ದರಿಂದ, ಎರಡೂ ಬದಿಯಲ್ಲಿ ಸಿಕ್ಕಿದ್ದನ್ನು ಕೂಡಿಸಿ ಹಾಕಿದ ಪ್ರಮಾಣಕ್ಕೆ ತಾಳೆ ನೋಡಿಯೇ ಅಂಕಿ ಬರೆದುಕೊಳ್ಳುತ್ತೇನೆ.