ಅಂಬಾಸಿಡರ್ ಕಾರುಗಳಿಗೆ 36 ಸೆಟ್ ಹೆಡ್ ಸ್ಟಡ್ ಮಾಡಿಸಿದ ಬಗೆ

2022ರ ಮಳೆಗಾಲ ಮುಗಿಯುತ್ತಿದ್ದಾಗ ಕಾಸರಗೋಡು ಬಳಿಯ ಚೆರ್ಕಳದಿಂದ ಜಾಲ್ಸೂರು, ಸುಳ್ಯ ಮಾರ್ಗವಾಗಿ ಮಡಿಕೇರಿಗೆ ಹೊರಟಿದ್ದ ನನ್ನ ಅಂಬಾಸಿಡರ್ ಸಂಪಾಜೆ ಘಾಟಿಯ ಏರಿನಲ್ಲಿ ನಿಂತುಹೋಯಿತು. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು, ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಹಾಳೆ) ಹೋಗಿದೆಯೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಎರಡು ವರ್ಷಗಳಲ್ಲಿ ಇದು ಮೂರನೆಯ ಸಲ. ಕಾರನ್ನು ಲಾರಿಯಲ್ಲಿ ಹಾಕಿಸಿ ಚೆರ್ಕಳಕ್ಕೆ ತಂದು, ನಾವೆಲ್ಲರೂ ಇಚ್ಚ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ಕಿನವರ ಮುಂದೆ ನಿಲ್ಲಿಸಿದೆ.

ಇಚ್ಚ ಈ ಸಲ ಹೆಡ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ತರಲು ಹೇಳಲಿಲ್ಲ. ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಬ್ಲಾಕಿನಿಂದ ಸ್ಟಡ್‌ಗಳನ್ನು (ಹೆಡ್ಡನ್ನು ಬ್ಲಾಕಿಗೆ ಬಿಗಿದು ಹಿಡಿಯುವ, ಎರಡು ತುದಿಯಲ್ಲೂ ಥ್ರೆಡ್ ಇರುವ ಸಲಾಕೆಗಳನ್ನು) ಒಂದೊಂದಾಗಿ ತಿರುಗಿಸಿ ತೆಗೆದರು, ಸೀಮೆಎಣ್ಣೆಯಲ್ಲಿ ತೊಳೆದರು, ಬೆಳಕಿಗೆ ಹಿಡಿದು ಥ್ರೆಡ್‌ಗಳ ಅಂತರ ನೋಡುವ ಪಿಚ್ ಗೇಜ್ ಇಟ್ಟು ತೋರಿಸಿದರು. ಗೇಜಿನ ಹಲ್ಲುಗಳು ಸ್ಟಡ್‌ನ ತುದಿಯಲ್ಲಿ ಸರಿಯಾಗಿ ಕೂತವು. ನಟ್ಟು ಕೂರುವ ಜಾಗಕ್ಕೆ ಬಂದಾಗ ಎರಡು ಹಲ್ಲು ಕೂತರೆ ಮೂರನೆಯದು ಎದ್ದು ನಿಲ್ಲುತ್ತಿತ್ತು. ಹೊಸ ನಟ್ಟೊಂದನ್ನು ಬೆರಳಿನಲ್ಲಿ ತಿರುಗಿಸಿದರೆ ಅದೇ ಜಾಗದಲ್ಲಿ ಅದು ಹಿಡಿದುಕೊಳ್ಳುತ್ತಿತ್ತು. ‘ಪಿರಿ (ಥ್ರೆಡ್) ಹೋದದ್ದಲ್ಲ, ಕಬ್ಬಿಣ ಎಳೆದು ಉದ್ದ ಆಗಿದೆ’ ಎಂದರು. ಹನ್ನೊಂದರಲ್ಲಿ ಆರು ಸ್ಟಡ್‌ಗಳು ಹೀಗಿದ್ದವು. ಎಳೆದುಹೋದ ಸ್ಟಡ್ ಹೆಡ್ಡನ್ನು ಒತ್ತಿ ಹಿಡಿಯಲಾರದು. ಅಂಥ ಸ್ಟಡ್‌ಗಳ ಮೇಲೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಏರು ಹತ್ತಿ ಇಂಜಿನ್ ಕಾದಾಗ ಅದು ಮತ್ತೆ ಹೋಗುತ್ತದೆ.

ಬದಲಿ ಸ್ಟಡ್ ಸಿಗಲಿಲ್ಲವೆಂದಲ್ಲ. ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿದ್ದರೂ ಬಿಡಿಭಾಗಗಳ ಅಂಗಡಿಗಳಲ್ಲಿ ಹೆಡ್ ಸ್ಟಡ್ ಎಂಬ ಹೆಸರಿನ ವಸ್ತು ಸಿಗುತ್ತದೆ. ನಾನು ತಂದ ಒಂದು ಸೆಟ್‌ನಲ್ಲಿ ಯಾವ ಗ್ರೇಡಿನ ಗುರುತೂ ಇರಲಿಲ್ಲ, ಸಾಮಾನ್ಯ ಅರವೇ ಅದರ ಮೇಲೆ ಸುಲಭವಾಗಿ ಕಚ್ಚುತ್ತಿತ್ತು, ಅಂದರೆ ಉಕ್ಕು ಮೆತ್ತಗಿತ್ತು. ಇನ್ನೊಂದು ಅಂಗಡಿಯವರು 10 ಮಿಲಿಮೀಟರಿನ ಬೋಲ್ಟನ್ನೇ ಹಾಕಿಬಿಡಿ ಎಂದರು. ಈ 1489 ಸಿಸಿ ಇಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸರಣಿಯದು. ಅದರ ಹೆಡ್ ನಟ್ಟು ನಮ್ಮ ಬಡಗಿಗಳ ಲೆಕ್ಕದಲ್ಲಿ ಮೂರು ನೂಲಿನದು, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲು, ಇಂಚಿಗೆ 24 ಥ್ರೆಡ್‌ಗಳ ಯುಎನ್ಎಫ್. ಅಮೆರಿಕ, ಬ್ರಿಟನ್, ಕೆನಡಾ ದೇಶಗಳು 1948ರಲ್ಲಿ ಒಪ್ಪಿಕೊಂಡ ಏಕರೂಪದ ಅಳತೆ ಇದು. ಮೆಟ್ರಿಕ್ ನಟ್ಟನ್ನು ಇದರ ಮೇಲೆ ಬಲವಂತವಾಗಿ ಕೂರಿಸಿದರೆ ಎರಡೂ ಕೆಡುತ್ತವೆ.

ಕಾಸರಗೋಡು, ಕುಂಬಳೆ, ಬದಿಯಡ್ಕ, ಪುತ್ತೂರು, ಸುಳ್ಯ, ಮಂಗಳೂರುಗಳ ಅಂಬಾಸಿಡರ್ ಇಟ್ಟುಕೊಂಡವರು ನಾವು ವರ್ಷಕ್ಕೆ ಒಂದೆರಡು ಸಲ ಸೇರುವುದುಂಟು. ಕೆಎಲ್ 14, ಕೆಎ 19, ಕೆಎ 21 ನಂಬರಿನ ಕಾರುಗಳು ಒಂದೇ ಅಂಗಳದಲ್ಲಿ ನಿಲ್ಲುತ್ತವೆ. ಆ ವರ್ಷದ ಕೂಟದಲ್ಲಿ ನಾನು ಎಳೆದುಹೋದ ಸ್ಟಡ್‌ಗಳನ್ನು ಕೈಯಿಂದ ಕೈಗೆ ದಾಟಿಸಿ, ಸರಿಯಾದ ಉಕ್ಕಿನಲ್ಲಿ ಎಲ್ಲರೂ ಸೇರಿ ಮಾಡಿಸೋಣವೆಂದು ಹೇಳಿದೆ. ಅಂದೇ 52 ಸೆಟ್‌ಗಳಿಗೆ ಹೆಸರು ಬಂತು.

ಆ 52ರಲ್ಲಿ ಎಲ್ಲರ ಇಂಜಿನ್ ಒಂದೇ ಅಲ್ಲವೆಂಬುದು ಮನೆಗೆ ಬಂದು ಪಟ್ಟಿ ಬರೆಯುವಾಗ ಗೊತ್ತಾಯಿತು. ಕೆಲವರದು ಡೀಸೆಲ್, ಕೆಲವರದು 90ರ ದಶಕದಲ್ಲಿ ಬಂದ 1800 ಸಿಸಿಯ ಇಸುಜು. ಬಾನೆಟ್ಟಿನ ಮೇಲೆ ಒಂದೇ ಹೆಸರಿದ್ದರೂ ಕೆಳಗಿರುವ ಕಬ್ಬಿಣ ಬೇರೆ. ಎಲ್ಲರನ್ನೂ ಸೇರಿಸಿಕೊಳ್ಳಲು ಹೋದರೆ ಮೂರು ನಕ್ಷೆ, ಮೂರು ಬಗೆಯ ಅಳತೆ, ಮೂರು ಸಣ್ಣ ಆರ್ಡರುಗಳಾಗಿ ಒಟ್ಟಾಗಿ ಕೊಳ್ಳುವುದರ ಲಾಭವೇ ಇಲ್ಲವಾಗುತ್ತಿತ್ತು. ಆದ್ದರಿಂದ 1489 ಸಿಸಿ ಪೆಟ್ರೋಲ್ ಇಂಜಿನ್ನಿಗೆ ಮಾತ್ರ, ಅದರಲ್ಲೂ ಹೆಡ್ ಸ್ಟಡ್, ನಟ್ಟು ಮತ್ತು ವಾಷರ್ ಮಾತ್ರ ಎಂದು ನಿರ್ಧರಿಸಿದೆ. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನೂ ಮಾಡಿಸೋಣವೆಂದು ಇಬ್ಬರು ಒತ್ತಾಯಿಸಿದರು. ಹೆಡ್ ಸ್ಟಡ್ ಸೋತರೆ ನೀರು ಸೋರುತ್ತದೆ, ಕಾರು ನಿಲ್ಲುತ್ತದೆ; ರಾಡಿನ ಬೋಲ್ಟು ಓಡುವಾಗ ತುಂಡಾದರೆ ರಾಡು ಬ್ಲಾಕನ್ನು ಒಡೆದು ಹೊರಬರುತ್ತದೆ. ಪ್ರತಿ ಬೋಲ್ಟನ್ನೂ ಪರೀಕ್ಷಿಸುವ ಸಾಧನ ನಮ್ಮ ಬಳಿ ಇಲ್ಲದಿರುವಾಗ ಅಂಥ ವಸ್ತುವನ್ನು ನಾನು ಸ್ನೇಹಿತರ ಕೈಗೆ ಕೊಡಲಾರೆ ಎಂದು ಹೇಳಿದೆ, ಅವರು ಒಪ್ಪಿದರು.

ಉಕ್ಕಿನ ವಿಷಯದಲ್ಲಿ ಚರ್ಚೆ ಹೆಚ್ಚು ನಡೆಯಿತು. ಹಲವರಿಗೆ 12.9 ಗ್ರೇಡೇ ಬೇಕಾಗಿತ್ತು, ಸಂಖ್ಯೆ ದೊಡ್ಡದಾದಷ್ಟು ಒಳ್ಳೆಯದೆಂಬ ಭಾವನೆ. ಗ್ರೇಡಿನಲ್ಲಿ ಚುಕ್ಕಿಗೆ ಮೊದಲಿರುವ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಉಕ್ಕು ತುಂಡಾಗುವ ಬಲ ಮೆಗಾಪಾಸ್ಕಲ್‌ಗಳಲ್ಲಿ ಸಿಗುತ್ತದೆ. ಚುಕ್ಕಿಯ ನಂತರದ 9 ಎಂದರೆ ಆ ಬಲದ ಶೇಕಡಾ 90ರವರೆಗೆ ಉಕ್ಕು ಶಾಶ್ವತವಾಗಿ ಎಳೆದುಹೋಗುವುದಿಲ್ಲವೆಂದು ಅರ್ಥ. ನಮ್ಮ ಬ್ಲಾಕು ಹಳೆಯ ಎರಕದ ಕಬ್ಬಿಣ. ಸ್ಟಡ್ ಎಷ್ಟು ಗಟ್ಟಿಯಾದರೂ ಬಿಗಿತವನ್ನು ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚಿಸುವಂತಿಲ್ಲ. ಹೆಚ್ಚಿಸಿದರೆ ಬ್ಲಾಕಿನ ಥ್ರೆಡ್ ಕಿತ್ತು ಬರುತ್ತದೆ. ಹೀಗಿರುವಾಗ 10.9 ಸಾಕು. ಮೇಲಾಗಿ ಉಕ್ಕು ಗಡಸಾದಷ್ಟೂ ಹೈಡ್ರೋಜನ್‌ನಿಂದ ಪೆಡಸಾಗಿ ಮುರಿಯುವ ಅಪಾಯ ಹೆಚ್ಚು. ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆಂದು ಹೊಳೆಯುವ ಜಿಂಕ್ ಪ್ಲೇಟಿಂಗ್ ಕೇಳಿದವರಿಗೂ ನಾನು ಇದನ್ನೇ ವಿವರಿಸಿದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಉಕ್ಕಿನೊಳಗೆ ಹೈಡ್ರೋಜನ್ ಸೇರುತ್ತದೆ, ಕೂಡಲೇ ಸುಮಾರು 200 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಅದನ್ನು ಹೊರಹಾಕದಿದ್ದರೆ ಬಿಗಿದಿಟ್ಟ ಸ್ಟಡ್ ಕೆಲವು ದಿನಗಳ ಮೇಲೆ ತಾನಾಗಿಯೇ ತುಂಡಾಗಬಹುದು. ಕೊನೆಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಇಎನ್ 19 ಉಕ್ಕು, ರಾಕ್‌ವೆಲ್ ಸಿ ಎಂಬ ಮಾಪಕದಲ್ಲಿ 32ರಿಂದ 39 ಗಡಸುತನ, ಫಾಸ್ಫೇಟ್ ಲೇಪದ ಮೇಲೆ ಎಣ್ಣೆ ಎಂದು ನಿಶ್ಚಯವಾಯಿತು.

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯವರು ಒಪ್ಪಿದರು. ಅವರ ದರ 10 ಸೆಟ್‌ಗಳಿಗಾದರೆ ಸೆಟ್ಟಿಗೆ 5,200 ರೂಪಾಯಿ, 30 ದಾಟಿದರೆ 3,100. ಕುಲುಮೆಯ ಕನಿಷ್ಠ ಬಾಡಿಗೆ, ಥ್ರೆಡ್ಡನ್ನು ಒತ್ತಿ ಮೂಡಿಸುವ ರೋಲಿಂಗ್ ಡೈಯ (ಅಚ್ಚಿನ) ಬೆಲೆ ಇವೆಲ್ಲ ಹತ್ತು ಸೆಟ್‌ಗೂ ಐವತ್ತು ಸೆಟ್‌ಗೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸ. ನಾನು ಪಟ್ಟು ಹಿಡಿದದ್ದು ಒಂದಕ್ಕೆ: ಥ್ರೆಡ್ಡನ್ನು ಕೊರೆಯದೆ ರೋಲಿಂಗ್ ಮಾಡಬೇಕು, ಅದೂ ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವ ಶಾಖ ಸಂಸ್ಕಾರ ಮುಗಿದ ಮೇಲೆ. ಗಡಸು ಉಕ್ಕಿನ ಮೇಲೆ ಡೈ ಬೇಗ ಸವೆಯುತ್ತದೆಂದು ಅವರು ಹಿಂಜರಿದರು. ಆದರೆ ಹಾಗೆ ಒತ್ತಿ ಮೂಡಿಸಿದ ಥ್ರೆಡ್ಡಿನ ಬುಡದಲ್ಲಿ ಉಕ್ಕು ಒತ್ತಡದಲ್ಲಿಯೇ ಉಳಿಯುವುದರಿಂದ ಬಿರುಕು ಹುಟ್ಟುವುದು ಕಡಿಮೆ, ಬಾಳಿಕೆ ಹೆಚ್ಚು.

ದೊಡ್ಡ ಆರ್ಡರಿಗೆ ಮೊದಲು ಒಂದು ಮಾದರಿ ಸೆಟ್ ಮಾಡಿಸಿದ್ದು ನಮ್ಮನ್ನು ಉಳಿಸಿತು. ಇದರ ಖರ್ಚನ್ನು ನಾನೂ, ಕನ್ನಡ ಶಾಲೆಯಿಂದ ನಿವೃತ್ತರಾದ, ನಮ್ಮ ಕೂಟದ ಹಿರಿಯರಾದ ಮಾಷ್ಟ್ರೂ ಅರ್ಧರ್ಧ ಹಾಕಿದೆವು. ನಕ್ಷೆ ಬರೆಯುವಾಗ ಅಳತೆಗೆ ತೆಗೆದುಕೊಂಡದ್ದು ಮಾಷ್ಟ್ರ ಕಾರಿನ ಸ್ಟಡ್‌ಗಳನ್ನು, ಏಕೆಂದರೆ ಅವು ಎಳೆದುಹೋಗಿರಲಿಲ್ಲ. ಮಾದರಿಯನ್ನು ಹಾಕಿದ್ದು ನನ್ನ ಕಾರಿಗೆ. ಇಚ್ಚ ನಡುವಿನಿಂದ ಹೊರಕ್ಕೆ ಕ್ರಮವಾಗಿ ಬಿಗಿಯುತ್ತ ಬಂದರು, ಗೊತ್ತುಮಾಡಿದಷ್ಟು ಬಿಗಿಯಾದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಪ್ರತಿ ನಟ್ಟಿಗೂ ಟಕ್ ಎಂದಿತು. ಆದರೆ ಮೂರು ನಟ್ಟುಗಳಲ್ಲಿ ರೆಂಚ್ ನಿಧಾನವಾಗಿ ಭಾರವಾಗದೆ ಒಮ್ಮೆಲೇ ನಿಂತಂತೆ ಅವರ ಕೈಗೆ ತಿಳಿಯಿತು. ಅವರು ಸ್ಕ್ರೂಡ್ರೈವರಿನ ತುದಿಯಿಂದ ಆ ನಟ್ಟಿನ ಕೆಳಗಿನ ವಾಷರನ್ನು ತಳ್ಳಿದರು. ಪೂರ್ಣ ಬಿಗಿದ ನಟ್ಟಿನ ಅಡಿಯಲ್ಲಿ ವಾಷರ್ ಸುತ್ತ ತಿರುಗಿತು.

ಕಾರಣ ಹುಡುಕಲು ಆ ರಾತ್ರಿಯೆಲ್ಲ ನಕ್ಷೆಯ ಮುಂದೆ ಕೂತೆ. ನನ್ನ ಹೆಡ್ಡನ್ನು ತಂದೆಯವರ ಕಾಲದಿಂದ ಎರಡು ಸಲ ಫೇಸಿಂಗ್, ಅಂದರೆ ತಳವನ್ನು ಕೆರೆದು ಸಮತಟ್ಟು, ಮಾಡಿಸಲಾಗಿತ್ತು, ಹೀಗಾಗಿ ಅದು ತೆಳುವಾಗಿತ್ತು. ಹೆಡ್ ತೆಳುವಾದಷ್ಟು ನಟ್ಟು ಕೆಳಗೆ ಇಳಿಯಬೇಕು. ಇಳಿಯುತ್ತ ಥ್ರೆಡ್ ಮುಗಿದು ಸ್ಟಡ್‌ನ ನುಣುಪು ಭಾಗಕ್ಕೆ ಸಿಕ್ಕಿ ನಿಂತಿತ್ತು. ರೆಂಚ್ ಅಳೆದದ್ದು ಹೆಡ್ಡಿನ ಬಿಗಿತವನ್ನಲ್ಲ, ನಟ್ಟು ಸ್ಟಡ್ಡಿಗೆ ಕಚ್ಚಿಕೊಂಡ ಬಿಗಿತವನ್ನು. ಇದು ನನ್ನ ನಕ್ಷೆಯ ತಪ್ಪೇ ಹೊರತು ಕಾರ್ಖಾನೆಯದಲ್ಲ. ಹೆಸರು ಕೊಟ್ಟ ಎಲ್ಲರಿಗೂ ಹೆಡ್ಡಿನ ದಪ್ಪವನ್ನು ಅಳೆದು ಕಳಿಸಲು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಕಾರುಗಳ ಹೆಡ್‌ಗಳು ಒಮ್ಮೆಯಾದರೂ ಫೇಸಿಂಗ್ ಆದವುಗಳೆಂದು ತಿಳಿಯಿತು. ಸ್ಟಡ್‌ನ ಉದ್ದ ಹಾಗೆಯೇ ಇಟ್ಟು, ಮೇಲಿನ ಥ್ರೆಡ್ಡನ್ನು 5 ಮಿಲಿಮೀಟರ್ ಕೆಳಗಿನವರೆಗೆ ಮುಂದುವರಿಸಿ ನಕ್ಷೆ ತಿದ್ದಿದೆ. ಮಾದರಿ ಮಾಡಿಸದೆ ನೇರವಾಗಿ ಆರ್ಡರ್ ಕೊಟ್ಟಿದ್ದರೆ ಅರ್ಧ ಜನರ ಇಂಜಿನ್ ಹೊಸ ಸ್ಟಡ್ ಹಾಕಿದ ಮೇಲೆ ಕೆಡುತ್ತಿತ್ತು.

ಹಣದ ವಿಷಯದಲ್ಲಿ ಮಾಷ್ಟ್ರು ಮೊದಲೇ ಒಂದು ಮಾತು ಹೇಳಿದ್ದರು: ‘ವಸ್ತು ತರಿಸುವವನ ಕೈಯಲ್ಲಿ ದುಡ್ಡು ಇರಬಾರದು, ದುಡ್ಡು ಇರುವವನು ವಸ್ತು ತರಿಸಬಾರದು.’ ಹೀಗಾಗಿ ಖಾತೆ ಅವರ ಹೆಸರಿನಲ್ಲಿ ತೆರೆಯಿತು, ಕಾರ್ಖಾನೆಯ ವ್ಯವಹಾರ ನನ್ನದಾಯಿತು, ಪ್ರತಿ ಶನಿವಾರ ಜಮಾ ಖರ್ಚಿನ ಪುಟದ ಚಿತ್ರ ಎಲ್ಲರಿಗೂ ಹೋಯಿತು. ಸೆಟ್ಟಿಗೆ 4,100 ರೂಪಾಯಿ ಮುಂಗಡ, ಪೂರ್ತಿ ಕೊಟ್ಟವರದು ಮಾತ್ರ ಲೆಕ್ಕಕ್ಕೆ ಎಂದೆವು. 52ರಿಂದ ಡೀಸೆಲ್ಲು, ಇಸುಜು ಕಳೆದು, ಮಾತು ಕೊಟ್ಟು ಹಣ ಕೊಡದವರನ್ನೂ ಕಳೆದು ಉಳಿದದ್ದು 34. ಮಾತು ತಪ್ಪಿದವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಮಾತಿನ ಪಟ್ಟಿ ನೋಡಿ ಉಕ್ಕಿಗೆ ಆರ್ಡರ್ ಕೊಡುವವರಿಗೆ ಈ ಅಂಕಿ ನೆನಪಿರಲಿ. ಬದಲಿಗೂ ಪರೀಕ್ಷೆಗೂ ಇರಲೆಂದು ಎರಡು ಸೇರಿಸಿ 36 ಸೆಟ್ ಹೇಳಿದೆವು. ಸೆಟ್ಟಿಗೆ ಶೇಕಡಾ 18 ಜಿಎಸ್‌ಟಿ ಸೇರಿ 3,658ರಂತೆ ಬಿಲ್ಲು 1,31,688 ಆಯಿತು. ಗಡಸುತನ ಪರೀಕ್ಷೆ, ಪ್ಯಾಕಿಂಗು, ಪಾರ್ಸೆಲ್ಲು, ಓಡಾಟ ಸೇರಿ 5,774. ಬಂದ 1,39,400ರಲ್ಲಿ ಉಳಿದ 1,938ನ್ನು ಮಾಷ್ಟ್ರು ಸೆಟ್ಟಿಗೆ 57 ರೂಪಾಯಿಯಂತೆ ಎಲ್ಲರಿಗೂ ಹಿಂದೆ ಕಳಿಸಿದರು. ಇಷ್ಟು ಸಣ್ಣ ಮೊತ್ತ ಬೇಡವೆಂದವರಿಗೂ ಬಿಡಲಿಲ್ಲ.

ಮಾಲು ಬಂದಾಗ ನಮ್ಮ ಮನೆಯ ಜಗಲಿಯಲ್ಲಿ ಗೋಣಿ ಹಾಸಿ 396 ಸ್ಟಡ್‌ಗಳನ್ನು ಸಾಲಾಗಿ ಹರಡಿದೆವು. ವಾಲ್ವುಗಳನ್ನು ಒತ್ತುವ ರಾಕರ್‌ಗಳನ್ನು ಹಿಡಿದಿರುವ ರಾಕರ್ ಸ್ಟ್ಯಾಂಡಿನ ಮೂಲಕ ಹಾದುಹೋಗುವ ಉದ್ದದವು 144, ಉಳಿದ ಗಿಡ್ಡದವು 252. ನಾಲ್ವರು ಕೂತು ಪ್ರತಿಯೊಂದಕ್ಕೂ ನಟ್ಟನ್ನು ಬೆರಳಿನಲ್ಲಿ ಪೂರ್ತಿ ಓಡಿಸಿ, ವರ್ನಿಯರ್ ಹಿಡಿದು ಉದ್ದ ನೋಡಿದೆವು. ಎರಡು ದಿನ ಹಿಡಿಯಿತು. ಆರು ಸ್ಟಡ್‌ಗಳಲ್ಲಿ ಥ್ರೆಡ್ಡಿನ ಆರಂಭ ಮಡಚಿಕೊಂಡಿತ್ತು, ಅವನ್ನು ತೆಗೆದಿಟ್ಟು ಬದಲಿ ಸೆಟ್‌ನಿಂದ ತುಂಬಿದೆವು. ಅದೇ ಸೆಟ್‌ನ ಇನ್ನೆರಡನ್ನು ಮಂಗಳೂರಿನಲ್ಲಿ ಕತ್ತರಿಸಿ ಪರೀಕ್ಷಿಸಿದಾಗ ಗಡಸುತನ 34ರಿಂದ 36ರೊಳಗೆ ಇತ್ತು.

ಪ್ರತಿ ಪೊಟ್ಟಣದಲ್ಲಿ ಒಂದು ಹಾಳೆಯನ್ನೂ ಇಟ್ಟೆ, ಏಕೆಂದರೆ ಒಳ್ಳೆಯ ಸ್ಟಡ್ಡನ್ನು ಕೆಟ್ಟದಾಗಿ ಹಾಕಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಬ್ಲಾಕಿನ ತೂತುಗಳನ್ನು ಚೊಕ್ಕ ಮಾಡಬೇಕು, ಒಳಗೆ ಎಣ್ಣೆಯೋ ನೀರೋ ನಿಂತಿದ್ದರೆ ಸ್ಟಡ್ ಇಳಿಯುವಾಗ ಆ ಒತ್ತಡಕ್ಕೆ ಬ್ಲಾಕು ಸೀಳಬಹುದು. ಬ್ಲಾಕಿನೊಳಗೆ ಸ್ಟಡ್ಡನ್ನು ಕೈಯಿಂದ ತಿರುಗಿಸಿದಷ್ಟೇ ಸಾಕು. ನಟ್ಟಿಗೆ ಕೊಡುವ ತಿರುಚು ಬಲದಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ತಿಕ್ಕಾಟಕ್ಕೂ, ಶೇಕಡಾ 40ರಷ್ಟು ಥ್ರೆಡ್ಡಿನ ತಿಕ್ಕಾಟಕ್ಕೂ ಹೋಗಿ, ಸ್ಟಡ್ಡನ್ನು ನಿಜವಾಗಿ ಎಳೆಯುವುದು ಹತ್ತನೆಯ ಒಂದು ಪಾಲು ಮಾತ್ರ. ಒಂದು ನಟ್ಟು ಒಣಗಿ ಇನ್ನೊಂದು ಎಣ್ಣೆಯಲ್ಲಿದ್ದರೆ ರೆಂಚ್ ಒಂದೇ ಅಂಕಿ ತೋರಿಸಿದರೂ ಹಿಡಿತ ಬೇರೆಬೇರೆ. ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದೆ: ರಾಕರ್ ಸ್ಟ್ಯಾಂಡಿನ ನಾಲ್ಕು ದೊಡ್ಡ ನಟ್ಟುಗಳು ಹೆಡ್ಡನ್ನೂ ಹಿಡಿದಿರುತ್ತವೆ, ರಾಕರ್ ತೆಗೆಯಬೇಕಾದರೆ ಮೊದಲು ನೀರು ಖಾಲಿ ಮಾಡಿ ಹನ್ನೊಂದನ್ನೂ ಕ್ರಮವಾಗಿ ಸಡಿಲಿಸಿ. ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಹೆಡ್ ಡೊಂಕಾಗಿ ನೀರು ಸಿಲಿಂಡರಿಗೆ ಇಳಿಯಬಹುದು. ನನ್ನ ಕಾರಿನ ಮೊದಲ ಗ್ಯಾಸ್ಕೆಟ್ ಹೋದದ್ದು ಹೀಗೆ ಮಾಡಿದ್ದರಿಂದಲೇ ಎಂದು ಈಗ ನನಗೆ ಅನಿಸುತ್ತದೆ.

ಆ ಚಳಿಗಾಲದಲ್ಲಿ ಹೊಸ ಸ್ಟಡ್ ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಇಂಜಿನ್ ತಣಿದ ಮೇಲೆ ಇಚ್ಚನಿಂದ ಮತ್ತೊಮ್ಮೆ ಬಿಗಿತ ನೋಡಿಸಿಕೊಂಡು ಸಂಪಾಜೆ ಘಾಟಿಯನ್ನು ಹತ್ತಿದೆ. ಕಾರು ನಿಂತಿದ್ದ ಜಾಗದಲ್ಲಿ ಈ ಸಲ ನಾನೇ ನಿಲ್ಲಿಸಿ ಬಾನೆಟ್ ಎತ್ತಿ ಹೆಡ್ಡಿನ ಸುತ್ತ ಕೈಯಾಡಿಸಿದೆ. ಎಲ್ಲೂ ಪಸೆ ಇರಲಿಲ್ಲ. 36ನೆಯ ಸೆಟ್ ಯಾರ ಹೆಸರಿಗೂ ಹೋಗಿಲ್ಲ. ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಯಾವ ಅಂಬಾಸಿಡರಿಗಾದರೂ ಆಗಲೆಂದು ಎಣ್ಣೆ ಕಾಗದದಲ್ಲಿ ಸುತ್ತಿದ ಆ ಪೊಟ್ಟಣ, ತಿದ್ದಿದ ನಕ್ಷೆಯ ಒಂದು ಪ್ರತಿಯ ಜೊತೆ, ಚೆರ್ಕಳದಲ್ಲಿ ಇಚ್ಚನ ಮೇಜಿನ ಖಾನೆಯಲ್ಲಿದೆ.