ಮಾಂಟೆಸ್ಸರಿ ತರಗತಿಯ ಬಣ್ಣ, ಕಾಗದ, ಕತ್ತರಿ ಜೋಡಿಸೋದು ಹೇಗೆ

ಹೊಸದಾಗಿ ತರಗತಿ ವಹಿಸಿಕೊಂಡ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ಆಂಟಿ, ಬೇರೆ ಸಾಮಾನೆಲ್ಲ ನೀಟಾಗಿರತ್ತೆ, ಬಣ್ಣದ ಕಪಾಟು ಮಾತ್ರ ಮಧ್ಯಾಹ್ನದೊಳಗೆ ಸಂತೆ ಆಗತ್ತೆ, ಏನ್ಮಾಡೋದು?" ಮೊದಲು ಅರ್ಧ ಸಾಮಾನು ತೆಗೆದು ಒಳಗಿಡಿ ಅನ್ನುತ್ತೇನೆ. ಪಿಂಕ್ ಟವರ್, ಅಂದರೆ ಒಂದರ ಮೇಲೊಂದು ಪೇರಿಸುವ ಗುಲಾಬಿ ಬಣ್ಣದ ಮರದ ಘನಗಳು, ಒಂದು ತರಗತಿಗೆ ಒಂದೇ ಸೆಟ್ ಇರುತ್ತೆ, ಬೇಕಾದವರು ಕಾಯುತ್ತಾರೆ. ಬಣ್ಣಕ್ಕೂ ಅದೇ ರೀತಿ ಸಾಕು.

ಆದರೆ ಹೊರಗಿಟ್ಟದ್ದೆಲ್ಲ ಮಗುವಿನ ಕೈಗೆ ಎಟುಕಬೇಕು. 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊದಲ್ಲಿ ಮೊದಲ ಮಾಂಟೆಸ್ಸರಿ ಶಾಲೆ, ಅಂದರೆ "ಮಕ್ಕಳ ಮನೆ", ಶುರುವಾದಾಗ ಸಾಮಾನೆಲ್ಲ ಬೀಗ ಹಾಕಿದ ಬೀರುವಿನಲ್ಲಿತ್ತು. ಒಂದು ದಿನ ಟೀಚರ್ ಬೀಗ ಹಾಕಲು ಮರೆತರು, ಮಕ್ಕಳು ತಾವೇ ಬೇಕಾದ್ದನ್ನು ತೆಗೆದುಕೊಂಡರು. ಟೀಚರಿಗೆ ಅದು ಕಳ್ಳತನದ ಹಾಗೆ ಕಂಡಿತು. ಈ ಪದ್ಧತಿ ಶುರುಮಾಡಿದ ಮಾರಿಯಾ ಮಾಂಟೆಸ್ಸರಿ ಅವರಿಗೆ, ತಮಗೆ ಏನು ಬೇಕೆಂದು ಮಕ್ಕಳಿಗೇ ಗೊತ್ತಿದೆ ಅನ್ನಿಸಿತು. ಆಮೇಲೆ ಬೀರು ಹೋಗಿ ಗಿಡ್ಡ ಕಪಾಟು ಬಂತು. ಹಾಗಾಗಿ ಬಣ್ಣ ಚೆಲ್ಲುತ್ತೆ ಅಂತ ಮೇಲಿನ ಅಟ್ಟಕ್ಕೆ ಏರಿಸುವುದು ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ಒಂದು ಕೆಲಸಕ್ಕೆ ಒಂದು ಟ್ರೇ. ಅಂಟಿಸುವ ಟ್ರೇ ಅಂದರೆ ಚಿಕ್ಕ ಬಟ್ಟಲಲ್ಲಿ ಒಂದು ಚಮಚದಷ್ಟು ಗೋಂದು, ಒಂದು ಬ್ರಷ್, ಕತ್ತರಿಸಿದ ಬಣ್ಣದ ಕಾಗದ, ಕೆಳಗೆ ಹಾಸಲು ಒಂದು ಹಾಳೆ, ಕೈ ಒರೆಸಲು ಒದ್ದೆ ಬಟ್ಟೆ, ಎಲ್ಲವೂ ಅದರಲ್ಲೇ ಇರಬೇಕು. ಆ ಬಟ್ಟೆ ಇಲ್ಲದಿದ್ದರೆ ಮಗು ಅಂಟಿನ ಕೈಯಲ್ಲೇ ಎದ್ದು ನಿಮ್ಮನ್ನು ಹುಡುಕಿಕೊಂಡು ಬರುತ್ತೆ, ದಾರಿಯಲ್ಲಿ ಕುರ್ಚಿ ಮುಟ್ಟುತ್ತೆ, ಗೋಡೆ ಮುಟ್ಟುತ್ತೆ, ಅಷ್ಟರಲ್ಲಿ ಕೆಲಸದ ಮೇಲಿನ ಗಮನವೂ ಹೋಗಿರುತ್ತೆ. ಗೋಂದಿನ ದೊಡ್ಡ ಡಬ್ಬಿಯನ್ನು ಕಪಾಟಿನಲ್ಲಿ ಇಡಲೇಬೇಡಿ. ಮನೆಯಲ್ಲೇ ಮೈದಾ ಅಂಟು ಕಾಯಿಸುವವರು ಬೇಕಾದಷ್ಟೇ ಕಾಯಿಸಿ, ಮರುದಿನಕ್ಕೆ ಉಳಿಸಬೇಡಿ. ಪುಸ್ತಕ ಕಟ್ಟುವವರು ಹುಳ ಬರದಿರಲಿ ಅಂತ ಮೈಲುತುತ್ತ ಹಾಕುತ್ತಾರಲ್ಲ, ಅದು ವಿಷ, ಮಕ್ಕಳ ಅಂಟಿಗೆ ಹಾಕಲೇಬಾರದು.

ಬಣ್ಣದ ಪೆನ್ಸಿಲ್‌ಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಕೆಂಪಿಗೆ ಒಂದು ಲೋಟ, ಹಸಿರಿಗೆ ಒಂದು. ಲೋಟಕ್ಕೂ ಅದೇ ಬಣ್ಣದ ಕಾಗದ ಸುತ್ತಿದರೆ ಓದಲು ಬಾರದ ಮೂರು ವರ್ಷದ ಮಗುವೂ ಸರಿಯಾದ ಜಾಗಕ್ಕೇ ವಾಪಸ್ ಇಡುತ್ತೆ. ಪೆನ್ಸಿಲ್ ಚೂಪು ಮಾಡುವ ಕೆಲಸ ಮಕ್ಕಳು ಬರುವ ಮೊದಲೇ ಮುಗಿದಿರಲಿ. ಮೊಂಡು ಪೆನ್ಸಿಲ್ ಇಟ್ಟರೆ ಮಗು ಒತ್ತಿ ಒತ್ತಿ ಬರೆಯುತ್ತೆ, ಕಾಗದ ಹರಿಯುತ್ತೆ, ಬೇಜಾರಾಗಿ ಎದ್ದು ಹೋಗುತ್ತೆ. ಮೆಟಲ್ ಇನ್‌ಸೆಟ್‌ಗೆ, ಅಂದರೆ ಪೆನ್ಸಿಲ್ ಓಡಿಸಿ ಆಕಾರ ಬರೆಯುವ ಲೋಹದ ಅಚ್ಚುಗಳಿಗೆ, 14 ಸೆಂಟಿಮೀಟರ್ ಚೌಕದ ಕಾಗದ ಬೇಕು, ಅದನ್ನು ವಾರಕ್ಕಾಗುವಷ್ಟು ಒಂದೇ ಸಲ ಕತ್ತರಿಸಿಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ಹೊರಗಿಡಿ. ಕಟ್ಟು ಪೂರ್ತಿ ಇಟ್ಟರೆ ಒಂದು ಗೀಟು ಎಳೆದು ಇನ್ನೊಂದು ಹಾಳೆ ತೆಗೆಯುವ ಅಭ್ಯಾಸ ಬಂದುಬಿಡುತ್ತೆ.

ಕತ್ತರಿ ಮೊಂಡು ತುದಿಯದು ಇರಲಿ, ಆದರೆ ಅಲಗು ಹರಿತವಾಗಿರಲಿ. ಕತ್ತರಿಸದ ಕತ್ತರಿ ಕೊಟ್ಟರೆ ಮಗು ತನಗೇ ಬರಲ್ಲ ಅಂದುಕೊಳ್ಳುತ್ತೆ ಅಲ್ವಾ? ಶುರುವಿಗೆ ಒಂದು ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಗಳು ಸಾಕು, ಒಂದೇ ಏಟಿಗೆ ತುಂಡಾಗುತ್ತವೆ. ಹಳೇ ಮದುವೆ ಕಾರ್ಡುಗಳು ಇದಕ್ಕೆ ಬಹಳ ಚೆನ್ನ, ಆದರೆ ಹೆಸರು, ಫೋನ್ ನಂಬರ್ ಇರುವ ಭಾಗ ತೆಗೆದುಬಿಡಿ.

ಬ್ರಷ್‌ಗಳನ್ನು ನೀರಲ್ಲಿ ನಿಲ್ಲಿಸಿ ಬಿಡಬೇಡಿ, ಕೂದಲು ಸೊಟ್ಟಗಾಗುತ್ತೆ. ತೊಳೆದು, ಹಿಂಡಿ, ಮಲಗಿಸಿ ಒಣಗಿಸಿ, ಒಣಗಿದ ಮೇಲೆ ಕೂದಲು ಮೇಲೆ ಬರುವಂತೆ ಲೋಟದಲ್ಲಿಡಿ. ಪೋಸ್ಟರ್ ಬಣ್ಣದ ಮುಚ್ಚಳ ಕಚ್ಚಿಕೊಳ್ಳುತ್ತಿದ್ದರೆ ಬಾಟಲಿನ ಬಾಯಿ ಒರೆಸಿ ಸ್ವಲ್ಪ ವ್ಯಾಸಲೀನ್ ಸವರಿ. ಜೇಡಿಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ.

ಅರ್ಧಕ್ಕೆ ನಿಂತ ಕೆಲಸಕ್ಕೊಂದು ಜಾಗ ಬೇಕೇ ಬೇಕು. ಬಹಳ ತರಗತಿಗಳಲ್ಲಿ ಇದನ್ನೇ ಮರೆಯುತ್ತಾರೆ. ಐದು ವರ್ಷದ ಮಗು ಒಂದು ನಕ್ಷೆ ಮಾಡಲು ಎರಡು ಮೂರು ದಿನ ತೆಗೆದುಕೊಳ್ಳಬಹುದು, ಅದನ್ನು ಸಂಜೆ ಗುಡಿಸಿ ಎಸೆದರೆ ನಾಳೆ ಅದು ದೊಡ್ಡ ಕೆಲಸಕ್ಕೆ ಕೈಯೇ ಹಾಕಲ್ಲ. ಹೆಸರು ಬರೆದ ಟ್ರೇ ಇಡುವ ಒಂದು ಅಂಕಣ ಮಾಡಿ. ಒದ್ದೆ ಚಿತ್ರಗಳಿಗೆ ಕಿಟಕಿ ಪಕ್ಕ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ, ಮಕ್ಕಳೇ ಸಿಕ್ಕಿಸುವ ಎತ್ತರದಲ್ಲಿ.

ಒಳಗಿಟ್ಟ ಸಾಮಾನಿಗೆ ಗಟ್ಟಿ ಮುಚ್ಚಳದ ಡಬ್ಬಿಯೇ ಸರಿ. ಗುಂಡಿ, ಹುಣಸೆ ಬೀಜ, ಮಣಿ ಬೇರೆ ಬೇರೆ ಡಬ್ಬಿಗೆ ಹೋಗಲಿ, ಬಾಯಿಗೆ ಹಾಕುವ ಪುಟ್ಟ ಮಕ್ಕಳಿರುವ ಕೋಣೆಗೆ ಅವು ಬರುವುದೇ ಬೇಡ. ಮಳೆಗಾಲದಲ್ಲಿ ಕಾಗದದ ಕಟ್ಟನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಇಡಿ, ರಟ್ಟಿನ ಪೆಟ್ಟಿಗೆಗಳನ್ನು ತಿಂಗಳಿಗೊಮ್ಮೆ ಎತ್ತಿ ಹಿಂಭಾಗ ನೋಡಿ, ಗೆದ್ದಲು ಮೊದಲು ಹತ್ತುವುದು ಅಲ್ಲೇ.